ಮೂಟೆ ಗೊಬ್ಬರದ ಪಾಲೆಷ್ಟು, ತಿಪ್ಪೆ ಗೊಬ್ಬರದ ಪಾಲೆಷ್ಟು?

ಹೆಬ್ಬಾಳದಿಂದ ಬಳ್ಳಾರಿ ರಸ್ತೆ ಹಿಡಿದು ಯಲಹಂಕದ ಕಡೆಗೆ ಹೊರಟರೆ ದಾರಿಯಲ್ಲಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರ ಸಿಗುತ್ತದೆ. ಬಸ್ ಕಂಡಕ್ಟರುಗಳ ಬಾಯಲ್ಲಿ ಅದು ಬರೀ ‘ಜಿಕೆವಿಕೆ’. ಕೃಷಿ ವಿಶ್ವವಿದ್ಯಾಲಯದ ಈ ಆವರಣದಲ್ಲಿ ನಡೆಯುವ ಕೃಷಿ ಮೇಳಕ್ಕೆ ಸುತ್ತಲಿನ ಜಿಲ್ಲೆಗಳ ರೈತರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಅಂಥದೊಂದು ಮೇಳದಲ್ಲಿ ರಾಗಿ ತೆನೆಗಳನ್ನು ಜೋಡಿಸಿಟ್ಟಿದ್ದ ಮಳಿಗೆಯೊಂದರ ಮುಂದೆ ನಿಂತಿದ್ದಾಗ ಹಿರಿಯ ರೈತರೊಬ್ಬರು ಅಲ್ಲಿದ್ದ ವಿದ್ಯಾರ್ಥಿಯನ್ನು ಕೇಳಿದರು: ‘ಮೂಟೆ ಗೊಬ್ಬರ ಹೆಚ್ಚೋ, ತಿಪ್ಪೆ ಗೊಬ್ಬರ ಹೆಚ್ಚೋ? ಒಂದೇ ಮಾತಲ್ಲಿ ಹೇಳಪ್ಪ.’

‘ಎರಡೂ ಬೇಕು ಯಜಮಾನರೇ’ ಎಂದ ವಿದ್ಯಾರ್ಥಿ.

‘ಅದು ನನಗೂ ಗೊತ್ತು. ಹೆಚ್ಚು ಯಾವುದು ಅಂದೆ.’

ವಿದ್ಯಾರ್ಥಿ ನಕ್ಕು ಸುಮ್ಮನಾದ. ಆತ ಸುಮ್ಮನಾದದ್ದು ಅಜ್ಞಾನದಿಂದಲ್ಲ. ಈ ಪ್ರಶ್ನೆಯನ್ನು ಸಂಖ್ಯಾಶಾಸ್ತ್ರ ನೂರಕ್ಕೂ ಹೆಚ್ಚು ವರ್ಷಗಳಿಂದ ತಿರುವಿ ತಿರುವಿ ಕೇಳುತ್ತಾ ಬಂದಿದೆ. ಉತ್ತರವಾಗಿ ಒಂದು ಅಂಕಿಯನ್ನೂ ಕೊಡುತ್ತದೆ. ಆದರೆ ಆ ಅಂಕಿಯನ್ನು ಓದುವ ಬಗೆ ತಿಳಿಯದಿದ್ದರೆ ಅದು ದಾರಿ ತಪ್ಪಿಸುತ್ತದೆ. ಈ ಪ್ರಶ್ನೆಗೂ ನಮ್ಮ ಹೆಬ್ಬಾಳಕ್ಕೂ ಹಳೆಯ ನಂಟಿದೆ.

ಮೂವತ್ತು ಎಕರೆಯ ಹೊಲ

1899ರ ಮಾತು. ಚಾಮರಾಜೇಂದ್ರ ಒಡೆಯರು ತೀರಿಕೊಂಡು ಐದು ವರ್ಷಗಳಾಗಿದ್ದವು. ಹೊಸ ಮಹಾರಾಜರಿನ್ನೂ ಬಾಲಕರಾಗಿದ್ದುದರಿಂದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರಾಜ್ಯಭಾರ ನೋಡಿಕೊಳ್ಳುತ್ತಿದ್ದರು. ಹೆಬ್ಬಾಳದಲ್ಲಿ ಕೃಷಿ ಪ್ರಯೋಗ ಕ್ಷೇತ್ರಕ್ಕೆಂದು ಅವರು 30 ಎಕರೆ ಜಮೀನು ಕೊಟ್ಟರು. ರಸಾಯನ ಶಾಸ್ತ್ರಜ್ಞ ಡಾ. ಲೆಹ್ಮನ್ ಅಲ್ಲಿ ಮಣ್ಣು, ಗೊಬ್ಬರ, ಬೆಳೆಗಳ ಸಂಬಂಧವನ್ನು ಪರೀಕ್ಷಿಸತೊಡಗಿದರು. ಅವರ ನಂತರ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದರು. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಕಲಿಸಿದವರು ಇವರೇ. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ, 1946ರಲ್ಲಿ ಕೃಷಿ ಕಾಲೇಜು, 1964ರಲ್ಲಿ ವಿಶ್ವವಿದ್ಯಾಲಯ ಹೀಗೆ ಆ ಹೊಲ ಬೆಳೆಯುತ್ತಾ ಹೋಯಿತು.

ಆಗಿನ ಪ್ರಯೋಗಗಳ ರೀತಿ ಸರಳ. ಒಂದು ಮಡಿಗೆ ಗೊಬ್ಬರ ಹಾಕುವುದು, ಪಕ್ಕದ ಮಡಿಗೆ ಹಾಕದಿರುವುದು, ಸುಗ್ಗಿಯಲ್ಲಿ ಎರಡನ್ನೂ ತೂಗಿ ನೋಡುವುದು. ಬಂದ ವ್ಯತ್ಯಾಸವೇ ಗೊಬ್ಬರದ ಫಲ. ಜಗತ್ತಿನೆಲ್ಲೆಡೆ ಇದೇ ಕ್ರಮವಿತ್ತು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಂತೂ 1843ರಿಂದ ಇಂಥ ಪ್ರಯೋಗ ನಡೆಯುತ್ತಿತ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಉಳಿದುದೆಲ್ಲ ಹಾಗೆಯೇ ಇರಬೇಕು ಎಂಬುದು ವಿಜ್ಞಾನದ ಶಿಸ್ತು ಎಂದೇ ಎಲ್ಲರೂ ನಂಬಿದ್ದರು.

1919ರಲ್ಲಿ ರಾಥಮ್‌ಸ್ಟೆಡ್‌ಗೆ ಕೆಲಸಕ್ಕೆ ಬಂದ ರೊನಾಲ್ಡ್ ಫಿಷರ್ ಈ ನಂಬಿಕೆಯನ್ನು ಅಲ್ಲಾಡಿಸಿದರು. 1923ರಲ್ಲಿ ಮೆಕೆಂಜಿ ಎಂಬ ಸಹೋದ್ಯೋಗಿಯೊಡನೆ ಸೇರಿ ಅವರು ಪ್ರಕಟಿಸಿದ ಆಲೂಗೆಡ್ಡೆ ಪ್ರಯೋಗದ ಲೇಖನದಲ್ಲಿ 12 ತಳಿಗಳಿದ್ದವು. ಕೊಟ್ಟಿಗೆ ಗೊಬ್ಬರ ಹಾಕಿದ, ಹಾಕದ ಮಡಿಗಳಿದ್ದವು. ಪೊಟ್ಯಾಷ್ ಕೊಟ್ಟ, ಕೊಡದ ಸಾಲುಗಳೂ ಇದ್ದವು. ಅವರ ಪ್ರಶ್ನೆ ‘ಯಾವ ತಳಿ ಒಳ್ಳೆಯದು?’ ಎಂಬುದಷ್ಟೇ ಆಗಿರಲಿಲ್ಲ. ‘ಒಂದೇ ಗೊಬ್ಬರಕ್ಕೆ ಬೇರೆ ಬೇರೆ ತಳಿಗಳು ಬೇರೆ ಬೇರೆ ರೀತಿ ಪ್ರತಿಕ್ರಿಯಿಸುತ್ತವೆಯೇ?’ ಎಂದೂ ಅವರು ಕೇಳಿದರು. ಆ ಆಲೂಗೆಡ್ಡೆಗಳ ಮಟ್ಟಿಗೆ ಹಾಗೆನ್ನಲು ಆಧಾರ ಸಿಗಲಿಲ್ಲ. ಆದರೆ ಪ್ರಶ್ನೆ ಉಳಿದುಕೊಂಡಿತು. 1926ರಲ್ಲಿ ಫಿಷರ್ ಇನ್ನೂ ಸ್ಪಷ್ಟವಾಗಿ ಬರೆದರು: ಪ್ರಕೃತಿಗೆ ಒಂದು ಸಲಕ್ಕೆ ಒಂದೇ ಪ್ರಶ್ನೆ ಹಾಕಬೇಕೆಂಬ ಮಾತು ತಪ್ಪು, ಹಲವು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದಾಗಲೇ ಆಕೆ ಚೆನ್ನಾಗಿ ಉತ್ತರಿಸುತ್ತಾಳೆ ಎಂಬುದು ಅವರ ವಾದದ ಸಾರ.

ಒಂದೇ ಕೈಯ ಚಪ್ಪಾಳೆ

ಒಂದರ ಪರಿಣಾಮ ಇನ್ನೊಂದನ್ನು ಅವಲಂಬಿಸಿರುವುದಕ್ಕೆ ಸಂಖ್ಯಾಶಾಸ್ತ್ರದಲ್ಲಿ ‘ಪರಸ್ಪರ ಕ್ರಿಯೆ’ ಎಂದು ಹೆಸರು. ಒಂದೇ ಕೈಯಲ್ಲಿ ಚಪ್ಪಾಳೆಯಾಗುವುದಿಲ್ಲ ಎಂಬ ನಮ್ಮ ಗಾದೆಯಲ್ಲಿ ಇರುವುದೂ ಅದೇ. ಚಪ್ಪಾಳೆಯ ಸದ್ದಿನಲ್ಲಿ ಬಲಗೈಯ ಪಾಲೆಷ್ಟು, ಎಡಗೈಯ ಪಾಲೆಷ್ಟು ಎಂದು ಕೇಳಿದರೆ ಏನು ಹೇಳುವುದು?

ಜಿಕೆವಿಕೆಯ ಕೆಂಪು ಮಣ್ಣಿನಲ್ಲಿ ಇದರ ಕಣ್ಣಿಗೆ ಕಾಣುವ ಉದಾಹರಣೆ ಇದೆ. ಒಣ ಬೇಸಾಯ ಯೋಜನೆಯವರು 1978ರಲ್ಲಿ ಅಲ್ಲಿ ಮಳೆಯಾಶ್ರಿತ ರಾಗಿಯ ಮೇಲೆ ದೀರ್ಘಕಾಲದ ಗೊಬ್ಬರ ಪ್ರಯೋಗವೊಂದನ್ನು ಆರಂಭಿಸಿದರು. ಒಂದು ಮಡಿಗೆ ಏನೂ ಇಲ್ಲ. ಒಂದಕ್ಕೆ ಹೆಕ್ಟೇರಿಗೆ 10 ಟನ್, ಅಂದರೆ ಎಕರೆಗೆ ಸುಮಾರು 4 ಟನ್ ಕೊಟ್ಟಿಗೆ ಗೊಬ್ಬರ ಮಾತ್ರ. ಒಂದಕ್ಕೆ ಶಿಫಾರಸು ಮಾಡಿದಷ್ಟು ಸಾರಜನಕ, ರಂಜಕ, ಪೊಟ್ಯಾಷ್ ಮಾತ್ರ. ಉಳಿದ ಎರಡಕ್ಕೆ ಎರಡೂ ಉಂಟು. ಆದರೆ ರಾಸಾಯನಿಕ ಗೊಬ್ಬರ ಒಂದಕ್ಕೆ ಅರ್ಧ ಪ್ರಮಾಣ, ಇನ್ನೊಂದಕ್ಕೆ ಪೂರ್ತಿ. ವರ್ಷದಿಂದ ವರ್ಷಕ್ಕೆ ಅದೇ ಮಡಿಗೆ ಅದೇ ಉಪಚಾರ.

ಮೊದಲ 27 ವರ್ಷಗಳ ಫಲಿತಾಂಶ ಪ್ರಕಟವಾಗಿದೆ. ಬರೀ ರಾಸಾಯನಿಕ ಗೊಬ್ಬರ ಉಂಡ ಮಡಿಯ ಇಳುವರಿ ಕಾಲ ಕಳೆದಂತೆ ಕುಸಿಯಿತು. ಎರಡನ್ನೂ ಪೂರ್ತಿಯಾಗಿ ಪಡೆದ ಮಡಿ ಎಲ್ಲಕ್ಕಿಂತ ಮುಂದಿತ್ತು, ಹೆಚ್ಚು ಸ್ಥಿರವಾಗಿಯೂ ಇತ್ತು. ಮೂಟೆಯಲ್ಲಿ ಬಂದದ್ದು ಎರಡೂ ಕಡೆ ಅದೇ ಗೊಬ್ಬರ. ಅದು ಮಾಡಿದ ಕೆಲಸ ಮಾತ್ರ ಬೇರೆ ಬೇರೆ. ಕೊಟ್ಟಿಗೆ ಗೊಬ್ಬರ ಕಂಡ ಮಣ್ಣು ನೀರನ್ನೂ ಪೋಷಕಾಂಶವನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಬೇರಿಗೆ ಉಣ್ಣಲು ಬಿಡುತ್ತದೆ. ಬರಿ ಮಣ್ಣಿಗೆ ಆ ಶಕ್ತಿ ಕಡಿಮೆ.

ಹಾಗಾದರೆ ಮೂಟೆ ಗೊಬ್ಬರದ ಪರಿಣಾಮ ಎಷ್ಟು? ಕೊಟ್ಟಿಗೆ ಗೊಬ್ಬರವಿಲ್ಲದ ಮಡಿಗಳಲ್ಲಿ ಒಂದು ಉತ್ತರ, ಇರುವ ಮಡಿಗಳಲ್ಲಿ ಇನ್ನೊಂದು ಉತ್ತರ. ಎರಡು ಉತ್ತರಗಳ ನಡುವಿನ ವ್ಯತ್ಯಾಸವೇ ಪರಸ್ಪರ ಕ್ರಿಯೆಯ ಅಳತೆ.

ಮೊಳವನ್ನೂ ಸೇರನ್ನೂ ಹೋಲಿಸುವುದು

ಇಷ್ಟಾದರೂ ರೈತರ ಪ್ರಶ್ನೆ ಬಾಕಿ ಇದೆ: ಹೆಚ್ಚು ಯಾವುದು? ಹೋಲಿಸಬೇಕಾದರೆ ಅಳತೆಗೋಲು ಒಂದೇ ಇರಬೇಕು. ಒಂದು ಮೂಟೆಯಲ್ಲಿ, ಇನ್ನೊಂದು ಗಾಡಿಯಲ್ಲಿ. ಒಂದು ಮೂಟೆಗೂ ಒಂದು ಗಾಡಿಗೂ ಏನು ಹೋಲಿಕೆ?

ಇಂಥ ತೊಡಕನ್ನು ಮೊದಲು ಬಿಡಿಸಿದವರು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. ತಂದೆತಾಯಿ ಮತ್ತು ಮಕ್ಕಳ ಎತ್ತರವನ್ನು ಹೋಲಿಸಿದ ಅವರು, ತೀರ ಎತ್ತರದವರ ಮಕ್ಕಳು ಸರಾಸರಿಯ ಕಡೆಗೆ ಹಿಂದಿರುಗುವುದನ್ನು 1886ರಲ್ಲಿ ವಿವರಿಸಿದರು. ಹಿಂದಿರುಗುವಿಕೆ ಎಂಬರ್ಥದ ‘ರಿಗ್ರೆಷನ್’ ಎಂಬ ಹೆಸರು ಅಲ್ಲಿಂದಲೇ ಬಂತು. 1888ರಲ್ಲಿ ಅವರು ಮನುಷ್ಯನ ಎತ್ತರವನ್ನೂ ಮುಂಗೈಯ ಉದ್ದವನ್ನೂ ಹೋಲಿಸಬೇಕಾಯಿತು. ಎತ್ತರದಲ್ಲಿ ಒಂದಂಗುಲ ದೊಡ್ಡ ಮಾತಲ್ಲ, ಮುಂಗೈಯಲ್ಲಿ ಅದು ಬಹಳ. ಆದ್ದರಿಂದ ಅವರು ಅಂಗುಲವನ್ನು ಬಿಟ್ಟು, ಜನರಲ್ಲಿ ಆ ಅಳತೆ ಎಷ್ಟು ಹರಡಿಕೊಂಡಿದೆಯೋ ಆ ಹರವನ್ನೇ ಗೋಲಾಗಿ ಹಿಡಿದರು. ಇಂದು ಆ ಹರವನ್ನು ‘ಮಾನಕ ವಿಚಲನೆ’ಯಿಂದ ಅಳೆಯುತ್ತಾರೆ. ಪ್ರತಿಯೊಂದು ಅಂಶವನ್ನೂ ಅದರ ಸರಾಸರಿಯಿಂದ ಎಷ್ಟು ಮಾನಕ ವಿಚಲನೆ ಮೇಲೆ ಅಥವಾ ಕೆಳಗಿದೆ ಎಂದು ಬರೆದುಕೊಂಡರೆ ಮೂಟೆ, ಗಾಡಿ, ಕ್ವಿಂಟಲ್ ಎಲ್ಲವೂ ಮಾಯವಾಗುತ್ತವೆ.

ಹಲವು ಕಾರಣಗಳನ್ನು ಒಟ್ಟಿಗಿಟ್ಟು ಒಂದು ಫಲವನ್ನು ಲೆಕ್ಕಹಾಕುವ ವಿಧಾನ ಮಲ್ಟಿಪಲ್ ರಿಗ್ರೆಷನ್. ಅದರಲ್ಲಿ ಪ್ರತಿ ಕಾರಣದ ಪಕ್ಕದಲ್ಲಿ ಬರುವ ಅಂಕಿಯೇ ಗುಣಾಂಕ. ಮಾನಕ ವಿಚಲನೆಯ ಗೋಲಿನಲ್ಲಿ ಬರೆದಾಗ ಅದು ‘ಮಾನಕೀಕೃತ ಗುಣಾಂಕ’. ವಿದ್ಯಾರ್ಥಿಗಳ ಭಾಷೆಯಲ್ಲಿ ‘ಬೀಟಾ’. ಅಮೆರಿಕದ ಕೃಷಿ ಇಲಾಖೆಯಲ್ಲಿ ಗಿನಿಯಿಲಿಗಳ ಮೇಲೆ ಕೆಲಸ ಮಾಡುತ್ತಿದ್ದ ಸೂವಾಲ್ ರೈಟ್ 1921ರಲ್ಲಿ ವಿಸ್ತರಿಸಿ ಬರೆದ ‘ಪಥ ಗುಣಾಂಕ’ವೂ ಇದೇ ಕುಟುಂಬದ್ದು. 1959ರಲ್ಲಿ ಡ್ಯೂಯಿ ಮತ್ತು ಲು ಎಂಬಿಬ್ಬರು ಹುಲ್ಲಿನ ತಳಿಯೊಂದಕ್ಕೆ ಇದನ್ನು ಬಳಸಿದ ಮೇಲೆ ಸಸ್ಯ ತಳಿ ವಿಜ್ಞಾನಿಗಳಿಗೆ ಅದು ನಿತ್ಯದ ಉಪಕರಣವಾಯಿತು. ತೆಂಡೆಗಳ ಸಂಖ್ಯೆ, ತೆನೆಯ ಬೆರಳುಗಳ ಉದ್ದ, ಗಿಡದ ಎತ್ತರ ಇವುಗಳಲ್ಲಿ ರಾಗಿಯ ಇಳುವರಿಗೆ ಯಾವುದರ ಪಾಲು ಹೆಚ್ಚು ಎಂದು ತೋರಿಸುವ ಇಂಥ ಪಟ್ಟಿಗಳು ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಲ್ಲಿ ಸಾಮಾನ್ಯ.

ಪಟ್ಟಿ ನೋಡಿದವರು ದೊಡ್ಡ ಬೀಟಾ ಇರುವುದನ್ನು ದೊಡ್ಡ ಕಾರಣವೆಂದು ಓದುತ್ತಾರೆ. ಕಾರಣಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದರೆ ಈ ಓದು ಹೇಗೋ ನಡೆದೀತು. ಎರಡು ಕೈ ಸೇರಿ ಚಪ್ಪಾಳೆಯಾಗುವಲ್ಲಿ ಮಾತ್ರ ಎಡವಟ್ಟಾಗುತ್ತದೆ.

ಒಂದೇ ಹೊಲ, ಎರಡು ಕಥೆ

ಲೆಕ್ಕ ಸುಲಭವಾಗಲೆಂದು ಒಂದು ಕಾಲ್ಪನಿಕ ಊರನ್ನು ತೆಗೆದುಕೊಳ್ಳೋಣ. ಇಲ್ಲಿನ ಅಂಕಿಗಳು ಯಾವ ಪ್ರಯೋಗದವೂ ಅಲ್ಲ.

ಈ ಊರಿನ ಹೊಲಗಳಲ್ಲಿ ಎಕರೆಗೆ ರಾಗಿಯ ಇಳುವರಿ ಹೀಗಿದೆ: ಏನೂ ಹಾಕದಿದ್ದರೆ 4 ಕ್ವಿಂಟಲ್. ಪ್ರತಿ ಮೂಟೆ ಗೊಬ್ಬರಕ್ಕೆ 1 ಕ್ವಿಂಟಲ್ ಸೇರುತ್ತದೆ. ಪ್ರತಿ ಗಾಡಿ ಕೊಟ್ಟಿಗೆ ಗೊಬ್ಬರಕ್ಕೆ ಅರ್ಧ ಕ್ವಿಂಟಲ್. ಇದಲ್ಲದೆ ಮೂಟೆಗಳ ಸಂಖ್ಯೆಯನ್ನು ಗಾಡಿಗಳ ಸಂಖ್ಯೆಯಿಂದ ಗುಣಿಸಿ, ಬಂದದ್ದರಲ್ಲಿ ಅರ್ಧದಷ್ಟು ಕ್ವಿಂಟಲ್ ಮತ್ತೆ ಸೇರುತ್ತದೆ. ಈ ಗುಣಲಬ್ಧದ ಭಾಗವೇ ಪರಸ್ಪರ ಕ್ರಿಯೆ. ಊರಿನ ಸರಾಸರಿ ರೈತ ಎಕರೆಗೆ 2 ಮೂಟೆ, 4 ಗಾಡಿ ಹಾಕುತ್ತಾನೆ. ಅವನ ಇಳುವರಿ 4, 2, 2, 4 ಸೇರಿ 12 ಕ್ವಿಂಟಲ್. ಮೂಟೆಯ ಮಾನಕ ವಿಚಲನೆ 1, ಗಾಡಿಯದು 2, ಇಳುವರಿಯದು 5 ಎಂದಿರಲಿ. ಮೂಟೆ ಹೆಚ್ಚು ಹಾಕುವವರು ಗಾಡಿಯನ್ನೂ ಹೆಚ್ಚು ಹಾಕುತ್ತಾರೆಂಬ ನಂಟೇನೂ ಇಲ್ಲವೆಂದಿಟ್ಟುಕೊಳ್ಳೋಣ.

ಈಗ ಕಂಪ್ಯೂಟರಿನ ಮುಂದೆ ಇಬ್ಬರನ್ನು ಕೂರಿಸೋಣ. ಮೊದಲನೆಯವರು ಮೂಟೆ, ಗಾಡಿ, ಎರಡರ ಗುಣಲಬ್ಧ ಎಂದು ಮೂರು ಅಂಕಣ ಮಾಡಿ, ಮೂರನ್ನೂ ಮೂರು ಬಿಡಿ ಕಾರಣಗಳೆಂಬಂತೆ ಮಾನಕ ಗೋಲಿಗೆ ಇಳಿಸಿದರು. ಪಟ್ಟಿಯಲ್ಲಿ ಬಂದ ಬೀಟಾ: ಮೂಟೆಗೆ 0.2, ಗಾಡಿಗೆ 0.2, ಗುಣಲಬ್ಧಕ್ಕೆ 0.6.

ಎರಡನೆಯವರು ಮೊದಲು ಮೂಟೆಯನ್ನೂ ಗಾಡಿಯನ್ನೂ ಮಾನಕ ಗೋಲಿಗೆ ಇಳಿಸಿದರು. ಆಮೇಲೆ ಆ ಎರಡನ್ನು ಗುಣಿಸಿದರು. ಗುಣಲಬ್ಧವನ್ನು ಮತ್ತೆ ಮುಟ್ಟಲಿಲ್ಲ. ಅವರಿಗೆ ಬಂದದ್ದು: ಮೂಟೆಗೆ 0.6, ಗಾಡಿಗೆ 0.6, ಗುಣಲಬ್ಧಕ್ಕೆ 0.2.

ಹೊಲ ಅದೇ, ರೈತರು ಅವರೇ, ಫಸಲೂ ಅದೇ. ಯಾವುದೇ ಹೊಲಕ್ಕೆ ಇಬ್ಬರೂ ಹೇಳುವ ಇಳುವರಿಯ ಅಂದಾಜಿನಲ್ಲಿ ಒಂದು ಸೇರಿನ ವ್ಯತ್ಯಾಸವೂ ಇಲ್ಲ. ಆದರೂ ಒಬ್ಬರ ಪಟ್ಟಿ ‘ಬಿಡಿಯಾಗಿ ಎರಡೂ ಅಲ್ಪ, ಜೋಡಿಯೇ ಎಲ್ಲ’ ಎನ್ನುತ್ತದೆ. ಇನ್ನೊಬ್ಬರದು ‘ಬಿಡಿಯಾಗಿಯೇ ಎರಡೂ ದೊಡ್ಡವು, ಜೋಡಿಯದು ಸಣ್ಣ ಮಾತು’ ಎನ್ನುತ್ತದೆ. ಅಂಕಿಗಳು ತಿರುವುಮುರುವಾಗಿ ಕುಳಿತಿವೆ!

ಗುಟ್ಟು ಇರುವುದು ಸೊನ್ನೆಯಲ್ಲಿ. ಗುಣಲಬ್ಧ ಸೇರಿದ ಲೆಕ್ಕದಲ್ಲಿ ಮೂಟೆಯ ಪಕ್ಕದ ಅಂಕಿ ಎಲ್ಲ ಹೊಲಗಳಿಗೂ ಅನ್ವಯಿಸುವ ಮಾತಲ್ಲ. ಗಾಡಿ ‘ಸೊನ್ನೆ’ ಇರುವ ಹೊಲದಲ್ಲಿ ಒಂದು ಮೂಟೆ ಏನು ಮಾಡುತ್ತದೆ ಎಂಬುದಷ್ಟೇ ಅದು. ಮೊದಲನೆಯವರ ಲೆಕ್ಕದಲ್ಲಿ ಸೊನ್ನೆ ಎಂದರೆ ತಿಪ್ಪೆಯೇ ಇಲ್ಲದ ಹೊಲ. ಅಲ್ಲಿ ಒಂದು ಮೂಟೆಗೆ 1 ಕ್ವಿಂಟಲ್. ಎರಡನೆಯವರ ಲೆಕ್ಕದಲ್ಲಿ ಸೊನ್ನೆ ಎಂದರೆ ಸರಾಸರಿ, ಅಂದರೆ 4 ಗಾಡಿ ಕಂಡ ಹೊಲ. ಅಲ್ಲಿ ಒಂದು ಮೂಟೆಗೆ 3 ಕ್ವಿಂಟಲ್. ಎರಡೂ ನಿಜ. ಇಬ್ಬರು ಎರಡು ಬೇರೆ ಹೊಲಗಳ ಮಾತಾಡುತ್ತಿದ್ದಾರೆ, ಅಷ್ಟೆ.

ಮೊದಲನೆಯವರ ಪಟ್ಟಿಯಲ್ಲಿ ಇನ್ನೂ ಒಂದು ತೊಡಕಿದೆ. ಗುಣಲಬ್ಧ ತಾನಾಗಿ ಬದಲಾಗುವ ವಸ್ತುವಲ್ಲ. ಮೂಟೆಯನ್ನೋ ಗಾಡಿಯನ್ನೋ ಮುಟ್ಟದೆ ಗುಣಲಬ್ಧವನ್ನು ಮಾತ್ರ ಒಂದು ಮಾನಕ ವಿಚಲನೆ ಏರಿಸಲು ಯಾವ ರೈತನಿಂದಲೂ ಆಗದು. ಆದ್ದರಿಂದ 0.6 ಎಂಬ ಆ ಅಂಕಿಗೆ ಹೊಲದಲ್ಲಿ ಅರ್ಥವಿಲ್ಲ. ರಾಬರ್ಟ್ ಫ್ರೀಡ್ರಿಕ್ 1982ರಲ್ಲೇ ಇದನ್ನು ತಿಳಿಸಿ ಸರಿಯಾದ ಕ್ರಮವನ್ನು ಬರೆದರು. ಐಕೆನ್ ಮತ್ತು ವೆಸ್ಟ್ ಅವರ 1991ರ ಪುಸ್ತಕ ಅದನ್ನು ಎಲ್ಲೆಡೆ ಹರಡಿತು. ಮೊದಲು ಗೋಲಿಗೆ ಇಳಿಸು, ಆಮೇಲೆ ಗುಣಿಸು ಎಂಬ ಎರಡನೆಯವರ ದಾರಿಯೇ ಆ ಕ್ರಮ. ಹಾಗಿದ್ದರೂ ಕಂಪ್ಯೂಟರಿಗೆ ಮೂರು ಅಂಕಣ ಕೊಟ್ಟರೆ ಅದು ಹಿಂದೆಮುಂದೆ ನೋಡದೆ ಮೊದಲ ಬಗೆಯ ಪಟ್ಟಿಯನ್ನೇ ಕೈಗಿಡುತ್ತದೆ.

ಓದುವ ಬಗೆ

ಹಾಗಾದರೆ ಸರಿಯಾಗಿ ಓದುವುದು ಹೇಗೆ? ಮೂಟೆಯ 0.6 ಎಂದರೆ ‘ಸರಾಸರಿ ಗಾಡಿ ಗೊಬ್ಬರ ಕಂಡ ಹೊಲದಲ್ಲಿ’ ಎಂಬ ಷರತ್ತನ್ನು ಸೇರಿಸಿಯೇ ಓದಬೇಕು. ಗುಣಲಬ್ಧದ 0.2 ಆ ಷರತ್ತು ಬದಲಾದರೆ ಏನಾಗುತ್ತದೆಂದು ಹೇಳುತ್ತದೆ. ಗಾಡಿ ಗೊಬ್ಬರ ಒಂದು ಮಾನಕ ವಿಚಲನೆ ಹೆಚ್ಚಿದರೆ, ಅಂದರೆ 6 ಗಾಡಿಯಾದರೆ, ಮೂಟೆಯ ಫಲ 0.8ಕ್ಕೆ ಏರುತ್ತದೆ; ಕ್ವಿಂಟಲ್ ಲೆಕ್ಕದಲ್ಲಿ 4. ಎರಡು ವಿಚಲನೆ ಇಳಿದು ಗಾಡಿ ಪೂರ್ತಿ ನಿಂತರೆ 0.2ಕ್ಕೆ ಕುಸಿಯುತ್ತದೆ, ಅಂದರೆ 1 ಕ್ವಿಂಟಲ್. ಇಂಥ ಎರಡು ಮೂರು ಹೊಲಗಳ ಚಿತ್ರವನ್ನು ಪಕ್ಕಪಕ್ಕ ಇಟ್ಟರೆ ಮಾತ್ರ ಕಥೆ ಪೂರ್ತಿಯಾಗುತ್ತದೆ.

ಗುಣಲಬ್ಧದ ಚಿಹ್ನೆಯನ್ನೂ ನೋಡಬೇಕು. ಇಲ್ಲಿ ಅದು ಅಧಿಕ ಚಿಹ್ನೆ, ಒಂದು ಇನ್ನೊಂದರ ಕೈ ಬಲಪಡಿಸುತ್ತದೆ. ಋಣ ಚಿಹ್ನೆ ಬರುವ ಪ್ರಸಂಗವೂ ಉಂಟು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಬಿ. ರಾಮಮೂರ್ತಿ ಮತ್ತು ಸಂಗಡಿಗರು 1967ರಲ್ಲಿ ಮಣ್ಣು ಪರೀಕ್ಷೆಯ ಆಧಾರದ ಮೇಲೆ ಗೊಬ್ಬರ ಹೇಳುವ ಪದ್ಧತಿಯನ್ನು ಮುಂದಿಟ್ಟರು. ಅದರಿಂದ ಬೆಳೆದ ಅಖಿಲ ಭಾರತ ಯೋಜನೆಗೆ ಜಿಕೆವಿಕೆಯಲ್ಲೂ ಕೇಂದ್ರವಿದೆ. ಒಂದೇ ಹೊಲದ ಪಟ್ಟಿಗಳಿಗೆ ಬೇರೆ ಬೇರೆ ಪ್ರಮಾಣದ ಗೊಬ್ಬರ ಕೊಟ್ಟು, ಸಾರ ಕಡಿಮೆ ಇರುವ, ನಡುತರದ, ಹೆಚ್ಚಿರುವ ಮಣ್ಣನ್ನು ಬೇಕೆಂದೇ ಸಿದ್ಧಪಡಿಸುವುದು ಅವರ ಉಪಾಯ. ಅವರ ರಿಗ್ರೆಷನ್ ಲೆಕ್ಕದಲ್ಲಿ ಮಣ್ಣಿನ ಪೋಷಕಾಂಶ ಮತ್ತು ಹಾಕಿದ ಗೊಬ್ಬರದ ಗುಣಲಬ್ಧವೂ ಸೇರಿರುತ್ತದೆ. ಅಲ್ಲಿ ನಿರೀಕ್ಷಿಸುವುದು ಋಣ ಚಿಹ್ನೆಯನ್ನು. ಮಣ್ಣಿನಲ್ಲೇ ಸಾರಜನಕ ತುಂಬಿದ್ದರೆ ಮೂಟೆಯ ಸಾರಜನಕಕ್ಕೆ ಕೆಲಸ ಕಡಿಮೆ ತಾನೆ? ಮಣ್ಣು ಪರೀಕ್ಷೆಯ ಚೀಟಿ ನೋಡಿ ಗೊಬ್ಬರ ಹೇಳುವ ಪದ್ಧತಿಯ ಬೆನ್ನೆಲುಬೇ ಈ ಸಣ್ಣ ಋಣ ಚಿಹ್ನೆ.

ಕೊನೆಯ ಎಚ್ಚರ ಒಂದಿದೆ. ಮಾನಕ ಗೋಲು ಊರಿನಿಂದ ಊರಿಗೆ ಬದಲಾಗುತ್ತದೆ. ಪಕ್ಕದೂರಿನಲ್ಲೂ ಸರಾಸರಿ ಅದೇ ಇದ್ದು, ಎಲ್ಲರೂ ಹೆಚ್ಚುಕಡಿಮೆ ನಾಲ್ಕೇ ಗಾಡಿ ಹಾಕುವವರಾಗಿ ವಿಚಲನೆ 2ರ ಬದಲು 1 ಆದರೆ, ಒಂದು ವಿಚಲನೆಯಷ್ಟು ಗಾಡಿ ಗೊಬ್ಬರದ ಫಲ 3ರಿಂದ ಒಂದೂವರೆ ಕ್ವಿಂಟಲ್‌ಗೆ ಇಳಿಯುತ್ತದೆ. ಕೊಟ್ಟಿಗೆ ಗೊಬ್ಬರದ ಶಕ್ತಿಯೇನೂ ಅಲ್ಲಿ ಕುಂದಿಲ್ಲ. ಗೋಲು ಗಿಡ್ಡವಾಗಿದೆ ಅಷ್ಟೆ. ಎರಡು ಊರುಗಳ ಬೀಟಾಗಳನ್ನು ಅಕ್ಕಪಕ್ಕ ಇಟ್ಟು ‘ಅಲ್ಲಿ ತಿಪ್ಪೆಗೆ ಬೆಲೆಯಿಲ್ಲ’ ಎನ್ನುವವರು ಈ ಗಿಡ್ಡ ಗೋಲನ್ನು ಮರೆತಿರುತ್ತಾರೆ. ಜಾನ್ ಟ್ಯೂಕಿ ಅವರಂಥ ಹಿರಿಯ ಸಂಖ್ಯಾಶಾಸ್ತ್ರಜ್ಞರು 1954ರಷ್ಟು ಹಿಂದೆಯೇ, ಸಾಧ್ಯವಾದಾಗಲೆಲ್ಲ ಮೂಲ ಅಳತೆಯಲ್ಲೇ ಮಾತಾಡುವುದು ಲೇಸೆಂದು ವಾದಿಸಿದ್ದರು. ರೈತನಿಗಂತೂ ಮೂಟೆ, ಗಾಡಿ, ಕ್ವಿಂಟಲ್‌ಗಳ ಮಾತೇ ಹಿತ.

ಕೊಟ್ಟಿಗೆ ಬರಿದಾದಾಗ

ಇದು ಪಂಡಿತರ ಜಗಳವಷ್ಟೇ ಆಗಿದ್ದರೆ ಪತ್ರಿಕೆಯಲ್ಲಿ ಬರೆಯುವ ಅಗತ್ಯವಿರಲಿಲ್ಲ. ಆದರೆ ಇದರಲ್ಲಿ ಅನ್ನದ ಪ್ರಶ್ನೆಯಿದೆ. ‘ಸರಾಸರಿ’ ಎಂಬುದು ಒಂದು ಕಾಲದ, ಒಂದು ಊರಿನ ಸರಾಸರಿ. ಮನೆಮನೆಯಲ್ಲಿ ಎತ್ತು, ಹಸು ಇದ್ದ ಕಾಲದಲ್ಲಿ ತೆಗೆದ ಅಂಕಿ, ಕೊಟ್ಟಿಗೆ ಬರಿದಾದ ಕಾಲಕ್ಕೆ ಹೊಂದಬೇಕೆಂದಿಲ್ಲ. ನಮ್ಮ ಕಾಲ್ಪನಿಕ ಊರಿನಲ್ಲಿ ಎಲ್ಲರೂ ದನ ಮಾರಿಕೊಂಡರೆ, ‘ಮೂಟೆಗೆ 3 ಕ್ವಿಂಟಲ್’ ಎಂದು ನಂಬಿ ಸಾಲ ಮಾಡಿದವನಿಗೆ ದಕ್ಕುವುದು 1 ಕ್ವಿಂಟಲ್. ಲೆಕ್ಕ ಸುಳ್ಳು ಹೇಳಿರಲಿಲ್ಲ. ಲೆಕ್ಕದ ಷರತ್ತನ್ನು ಯಾರೂ ಅವನಿಗೆ ಓದಿ ಹೇಳಿರಲಿಲ್ಲ.

ಯಲಹಂಕದ ಆಚೆ, ದೊಡ್ಡಬಳ್ಳಾಪುರದ ದಾರಿಯ ಹಳ್ಳಿಯೊಂದರಲ್ಲಿ ನಮ್ಮ ದೊಡ್ಡಪ್ಪನಿಗೆ ಸ್ವಲ್ಪ ಹೊಲವಿದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಆ ಕಡೆಯ ಎಷ್ಟೋ ಹೊಲಗಳು ಸೈಟುಗಳಾದವು. ಮೇಯಲು ಜಾಗವಿಲ್ಲದೆ ಅವರ ಕೊಟ್ಟಿಗೆಯಲ್ಲೂ ಒಂದೇ ಹಸು ಉಳಿದಿದೆ. ಮೇಳದಲ್ಲಿ ಕೇಳಿದ ಪ್ರಶ್ನೆಯನ್ನು ಅವರಿಗೆ ಹೇಳಿ, ‘ನೀವೇನಂತೀರಿ ದೊಡ್ಡಪ್ಪಾ?’ ಎಂದೆ. ಅವರು ತಿಪ್ಪೆಯ ಕಡೆ ನೋಡಿ ಹೇಳಿದರು: ‘ಗೊಬ್ಬರ ಎಷ್ಟು ಕೊಡ್ತದೆ ಅಂತ ಕೇಳಬಾರದು ಕಣಪ್ಪಾ. ಯಾವ ಹೊಲಕ್ಕೆ ಅಂತ ಕೇಳಬೇಕು.’

ಫಿಷರ್ 1923ರಲ್ಲಿ ಕೇಳಿದ್ದೂ ಅದನ್ನೇ. ಅಂಕಿಅಂಶಗಳ ಪಟ್ಟಿ ಕೈಗೆ ಬಂದಾಗ ನಾವು ನೀವು ಮೊದಲು ಕೇಳಬೇಕಾದದ್ದೂ ಅಷ್ಟೇ: ಈ ಮಾತು ಯಾವ ಹೊಲದ್ದು?